ಮುದ್ದೆ ಅರಗಿಸಿಕೊಂಡ ತೋಳ

“ಅನ್ನ ಹಾಕ್ಬೇಡಿ ಸರ್, ನಾಯಿ ಅಂದ್ರೆ ತೋಳದ ಜಾತಿ” ಎನ್ನುತ್ತಾ ಪೆಟ್ ಶಾಪ್ ಹುಡುಗ ಧಾನ್ಯವೇ ಇಲ್ಲದ ನಾಯಿತಿಂಡಿಯ ದುಬಾರಿ ಚೀಲವೊಂದನ್ನು ನನ್ನ ಮುಂದಿಟ್ಟ. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅಂಥ ಚೀಲ ಕೊಳ್ಳಲಾಗದೆ, ನಾಯಿಗೆ ಅನ್ಯಾಯ ಮಾಡುತ್ತಿದ್ದೇವೆ ಎಂದು ಕೊರಗುವವರನ್ನು ನೋಡಿದ್ದೇನೆ. ಕೊರಗಬೇಕಿಲ್ಲ. ನಾಯಿ ತೋಳವಲ್ಲ.

2013ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ತಂಡ 12 ತೋಳ ಹಾಗೂ 60 ನಾಯಿಗಳ ಜೀನೋಮ್, ಅಂದರೆ ಇಡೀ ಜೀನ್ ಸಮೂಹ, ಹೋಲಿಸಿತು. ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿ. ನಾಯಿಯಲ್ಲಿ 4ರಿಂದ 30! ಜೀನ್ ಎಂದರೆ ಕಿಣ್ವ ತಯಾರಿಸುವ ಅಳತೆಯ ಚೀಟಿ ಇದ್ದಂತೆ. ಮದುವೆಮನೆಯಲ್ಲಿ ಹೋಳಿಗೆಯ ಅಳತೆ ಬರೆದ ಚೀಟಿ ಎರಡೇ ಇದ್ದರೆ ಎರಡೇ ಒಲೆ ಉರಿದಾವು. ಅದೇ ಚೀಟಿಯ ಇಪ್ಪತ್ತು ನಕಲು ಹಂಚಿದರೆ ಇಪ್ಪತ್ತು ಒಲೆ. ಪಿಷ್ಟವೆಂದರೆ ಸಕ್ಕರೆಯ ಮಣಿ ಪೋಣಿಸಿದ ಉದ್ದನೆಯ ಸರ. ಅಮೈಲೇಸ್ ಅದನ್ನು ಕತ್ತರಿಸುವ ಕತ್ತರಿ. ಸಾವಿರಾರು ವರ್ಷ ನಮ್ಮ ಎಂಜಲು ತಿಂದೇ ನಾಯಿ ಇಷ್ಟು ಕತ್ತರಿ ಕೂಡಿಹಾಕಿಕೊಂಡಿದೆ.

ಆದರೆ ಸರ ಬಿಚ್ಚಿರಬೇಕು. ಹಸಿ ಹಿಟ್ಟಿನಲ್ಲಿ ಅದು ಬಿಗಿಯಾಗಿ ಸುತ್ತಿದ ನೂಲಿನುಂಡೆ. ಮುದ್ದೆ ತೊಳಸುವಾಗ ಹಿಟ್ಟಿನ ಬಿಳಿಚು ಹೋಗಿ, ಕೋಲಿಗೆ ಅಂಟುತ್ತಾ ಹೊಳಪು ಬರುತ್ತದಲ್ಲ, ಆಗ ಉಂಡೆ ನೀರು ಕುಡಿದು ಬಿಚ್ಚಿಕೊಂಡಿರುತ್ತದೆ. ನಾಯಿಯ ಬಾಯಲ್ಲಿ ಅಮೈಲೇಸ್ ಇಲ್ಲವೆಂದೇ ಹೇಳಬಹುದು. ಕೆಲಸವೆಲ್ಲ ಸಣ್ಣ ಕರುಳಿನಲ್ಲಿ. ಹಾಗಾಗಿ ಮೆತ್ತಗೆ ಬೇಯಿಸುವುದೇ ಮುಖ್ಯ. ಸೈಬೀರಿಯನ್ ಹಸ್ಕಿಯಂಥ ಹಿಮನಾಡಿನ ತಳಿಗಳಲ್ಲಿ ಜೀನ್ ಪ್ರತಿ ಕಡಿಮೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಹಸ್ಕಿ ಸಾಕಿದವರು ಅನ್ನದ ಪಾಲು ತಗ್ಗಿಸಿ.

ಕಾರ್ಖಾನೆಯ ನಾಯಿತಿಂಡಿ ಹುಟ್ಟಿದ್ದೂ ಧಾನ್ಯದಿಂದಲೇ. 1860ರ ಸುಮಾರಿಗೆ ಲಂಡನ್ನಿನಲ್ಲಿ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್, ಬಂದರಿನ ನಾಯಿಗಳು ನಾವಿಕರ ಗಟ್ಟಿ ಬಿಸ್ಕತ್ತಿಗೆ ಮುಗಿಬೀಳುವುದನ್ನು ಕಂಡನಂತೆ. ಅವನ ಬಿಸ್ಕತ್ತಿನಲ್ಲಿ ಗೋಧಿ, ಬೀಟ್‌ರೂಟ್, ಮಾಂಸ ಇದ್ದವು.

ಹಾಗೆಂದು ಬರೀ ಮೊಸರನ್ನ ಸುರಿದು ಕೈತೊಳೆದುಕೊಳ್ಳುವುದನ್ನೂ ನಾನು ಒಪ್ಪುವುದಿಲ್ಲ. ಪಿಷ್ಟ ಶಕ್ತಿ ಕೊಟ್ಟೀತು, ಸ್ನಾಯು ಕಟ್ಟಲು ಮೊಟ್ಟೆ, ಮೀನು, ಕೋಳಿ ಬೇಕು. ಈರುಳ್ಳಿ ಬಿದ್ದ ಹುಳಿಯಂತೂ ಬೇಡವೇ ಬೇಡ, ಅದು ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ. ಒದ್ದೆ ಆಹಾರದ ಪೌಚ್ ಕೊಳ್ಳುವ ಮುನ್ನ ಹಿಂಬದಿಯಲ್ಲಿ ತೇವಾಂಶ ಎಷ್ಟೆಂದು ಓದಿ. ಶೇ. 80 ಇದ್ದರೆ ನೂರು ಗ್ರಾಮಿನಲ್ಲಿ ನೀವು ದುಡ್ಡು ಕೊಟ್ಟದ್ದು ಎಂಬತ್ತು ಗ್ರಾಂ ನೀರಿಗೆ. ಒಣ ಆಹಾರದಲ್ಲಿ ಅದು ಹತ್ತರ ಆಸುಪಾಸು.

ಉಳಿತಾಯ ಮಾಡಬಾರದ್ದು ಮರಿಯ ವಿಷಯದಲ್ಲಿ. ನನ್ನಕ್ಕನ ಮನೆಯ ಮರಿಗೆ ಪ್ರೀತಿಯಿಂದ ಬರೀ ಬೇಯಿಸಿದ ಕೋಳಿ, ಅನ್ನ ಹಾಕುತ್ತಿದ್ದರು. ಮೂರೇ ತಿಂಗಳಿಗೆ ಮುಂಗಾಲು ಬಿಲ್ಲಿನಂತೆ ಬಾಗಿದವು. ಮಾಂಸದಲ್ಲಿ ರಂಜಕ ಹೇರಳ, ಕ್ಯಾಲ್ಸಿಯಂ ತೀರಾ ಕಡಿಮೆ. ರಕ್ತಕ್ಕೆ ಕ್ಯಾಲ್ಸಿಯಂ ಸಾಲದೆ ಬಂದಾಗ ದೇಹ ಎಲುಬನ್ನೇ ಕರಗಿಸಿ ಒದಗಿಸುತ್ತದೆ. ವೈದ್ಯರು ಮರಿಗಳ ಸಂಪೂರ್ಣ ಆಹಾರದ ಒಂದು ಸಾಧಾರಣ ಬೆಲೆಯ ಚೀಲ ಬರೆದುಕೊಟ್ಟರು. ಈಗ ಆ ಮರಿಗೆ ಎರಡು ವರ್ಷ. ಬೆಳಿಗ್ಗೆ ಒಣ ಆಹಾರ, ಸಂಜೆ ಮೆತ್ತಗಿನ ರಾಗಿ ಮುದ್ದೆ, ಮೊಟ್ಟೆ, ವೈದ್ಯರು ಹೇಳಿದಷ್ಟು ಕ್ಯಾಲ್ಸಿಯಂ ಪುಡಿ. ಕಾಲು ಇನ್ನೂ ತುಸು ಸೊಟ್ಟಗಿದ್ದರೂ ಅಕ್ಕ ತಟ್ಟೆ ಸದ್ದು ಮಾಡಿದರೆ ಮೊದಲು ಓಡಿಬರುವುದು ಅದೇ.