ಗಾಳಿಯಂತ್ರ ಮಳೆ ಓಡಿಸುತ್ತದಾ? ಇನ್ನೊಂದು ಸಲ, ನಿಧಾನವಾಗಿ

ಪ್ರಶ್ನೆ: ನಮ್ಮ ಹೊಲಗಳ ನಡುವೆ ದೊಡ್ಡ ಗಾಳಿ ವಿದ್ಯುತ್ ಯೋಜನೆ ಬರುತ್ತಿದೆ. ಈ ಯಂತ್ರಗಳು ಮೋಡ ಚದುರಿಸಿ ಮಳೆ ತಪ್ಪಿಸುತ್ತವೆ ಅಂತ ಊರವರೆಲ್ಲ ವಿರೋಧ ಮಾಡುತ್ತಿದ್ದಾರೆ. ಇದು ನಿಜವೇ?

ಇಲ್ಲ.

ಇಷ್ಟೇ ಹೇಳಿ ಮುಗಿಸಿ ನೋಡಿದ್ದೇನೆ, ಆಗಲಿಲ್ಲ. ಅದೇ ಪ್ರಶ್ನೆ ಮತ್ತೆ ಬರುತ್ತದೆ, ಕೆಲವೊಮ್ಮೆ ಅದೇ ಕಾಗುಣಿತದ ತಪ್ಪಿನೊಂದಿಗೆ. ಹಾಗಾಗಿ ಈ ಸಲ ಉದ್ದಕ್ಕೇ ಬರೆಯುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ವಿರೋಧ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಸುಮ್ನೆ ಸೋಲುವ ವಾದ ಹಿಡಿದುಕೊಂಡು ಹೋಗಬೇಡಿ ಅಂತಷ್ಟೇ.

ಅರ್ಧ ಗೊಂದಲ ಹೆಸರಿನಲ್ಲೇ ಇದೆ. ನೋಡಲು ಫ್ಯಾನಿನ ಹಾಗಿದೆ, ಜನ ಫ್ಯಾನ್ ಅಂತಲೇ ಕರೆಯುತ್ತಾರೆ, ಫ್ಯಾನ್ ಅಂದಮೇಲೆ ಅದು ಗಾಳಿ ಬೀಸಬೇಕು, ಅಷ್ಟು ದೊಡ್ಡ ಫ್ಯಾನ್ ಬೀಸಿದರೆ ಮೋಡ ಹಾರಿಹೋಗದೆ ಇರುತ್ತದಾ? ಆದರೆ ಮನೆಯ ಫ್ಯಾನ್ ಕರೆಂಟು ತಿಂದು ಗಾಳಿ ಕೊಡುತ್ತದೆ, ಇದು ಗಾಳಿ ತಿಂದು ಕರೆಂಟು ಕೊಡುತ್ತದೆ. ಪೂರಾ ಉಲ್ಟಾ. ರೆಕ್ಕೆ ಗಾಳಿಯನ್ನು ತಳ್ಳುವುದಿಲ್ಲ, ಗಾಳಿಯೇ ರೆಕ್ಕೆಯನ್ನು ತಳ್ಳುತ್ತದೆ. ದಾಟಿ ಹೋದ ಗಾಳಿಗೆ ಮೊದಲಿನ ವೇಗ ಇರುವುದಿಲ್ಲ. ಗಾಳಿಯನ್ನು ನಿಧಾನ ಮಾಡುವ ಯಂತ್ರ ಮೋಡವನ್ನು ಓಡಿಸುವುದು ಹೇಗೆ?

ಇನ್ನು ಎತ್ತರ. ಈಗಿನ ದೊಡ್ಡ ಯಂತ್ರದ ರೆಕ್ಕೆಯ ತುದಿ ನೆಲದಿಂದ ಸುಮಾರು 200 ಮೀಟರ್ ಮುಟ್ಟುತ್ತದೆ. ಗುಡುಗಿನ ಮೋಡದ ಬುಡವೇ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಮೇಲಿರುತ್ತದೆ, ತಲೆ 10 ಕಿಲೋಮೀಟರ್ ದಾಟುತ್ತದೆ. ಮಳೆ ಬರಬೇಕಾದರೆ ನೀರಾವಿ ತುಂಬಿದ ಗಾಳಿ ದೂರದಿಂದ ಬರಬೇಕು, ಮೇಲೇರಬೇಕು, ತಣ್ಣಗಾಗಬೇಕು. ನೂರಾರು ಕಿಲೋಮೀಟರ್ ಹರಡಿದ ಆ ವ್ಯವಸ್ಥೆಯ ಕಾಲ ಬುಡದಲ್ಲಿ ನಿಂತಿರುವ ಕಡ್ಡಿಗಳು ಇವು.

‘ಆದರೆ ಇವು ಬಂದ ಮೇಲೇ ಮಳೆ ಕಡಿಮೆ ಆಯಿತಲ್ಲ?’ ಹೌದು, ಇದಕ್ಕೇ ಕಾಯುತ್ತಿದ್ದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುವುದು ಇದಕ್ಕೇ. ಕಂಪನಿಗಳು ಹುಡುಕುವುದು ಮರಗಳಿಲ್ಲದ, ಬಯಲಾದ, ಗಾಳಿ ಜೋರಾಗಿರುವ ಜಾಗವನ್ನು. ಅಂಥ ಜಾಗಗಳಲ್ಲಿ ಎಷ್ಟೋ ಕಡೆ ಮೊದಲಿನಿಂದಲೂ ಮಳೆ ಕಡಿಮೆ, ಎರಡು ಮೂರು ವರ್ಷಕ್ಕೊಮ್ಮೆ ಕೈಕೊಡುವ ಮಳೆ. ಅಲ್ಲಿ ಕಂಬ ನಿಲ್ಲಿಸಿದ ಮೇಲೂ ಕೈಕೊಡುತ್ತದೆ. ಅನುಮಾನ ಇದ್ದರೆ ಒಂದು ಕೆಲಸ ಮಾಡಿ: ಯಂತ್ರ ಬರುವ ಮೊದಲಿನ 30 ವರ್ಷದ ಮಳೆ ಲೆಕ್ಕ ತೆಗೆಯಿರಿ, ಜೊತೆಗೆ ಒಂದೂ ಯಂತ್ರವಿಲ್ಲದ, ದೂರದ ಊರಿನ ಲೆಕ್ಕವನ್ನೂ ಪಕ್ಕದಲ್ಲಿಡಿ. ಬರದ ವರ್ಷಗಳು ಎರಡು ಕಡೆಯೂ ಜೋಡಿಯಾಗಿ ಬಂದಿದ್ದರೆ ಕಂಬಕ್ಕೆ ಬೈದು ಏನು ಪ್ರಯೋಜನ?

ತಮಾಷೆ ಏನೆಂದರೆ, ಸಾಕ್ಷಿ ಇರುವುದು ಉಲ್ಟಾ ದಿಕ್ಕಿನಲ್ಲೇ. ಡೆನ್ಮಾರ್ಕ್‌ನ ಹಾರ್ನ್ಸ್ ರೆವ್ ಎಂಬ ಕಡಲ ಯೋಜನೆಯಲ್ಲಿ 2008ರಲ್ಲಿ ತೆಗೆದ ಒಂದು ಫೋಟೋ ಇದೆ. ಪ್ರತಿ ಯಂತ್ರದ ಹಿಂದೆಯೂ ಬಿಳಿ ಮಂಜಿನ ಬಾಲ. ಗಾಳಿಯಲ್ಲಿ ತೇವ ತುಂಬಿತ್ತು, ರೆಕ್ಕೆಗಳು ಕಲಕಿದಾಗ ಅದು ಮಂಜಾಯಿತು. ಯಂತ್ರ ಮೋಡ ಮಾಡಿತು, ಓಡಿಸಲಿಲ್ಲ. 2018ರಲ್ಲಿ ವಿಜ್ಞಾನಿಗಳು ಸಹಾರಾ ಮರುಭೂಮಿಯ ತುಂಬ ಗಾಳಿಯಂತ್ರ ನಿಲ್ಲಿಸಿದರೆ ಏನಾಗುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಮಳೆ ಜಾಸ್ತಿಯೇ ಆಯಿತು. ಅಷ್ಟು ಯಂತ್ರ ಯಾರೂ ನಿಲ್ಲಿಸುವುದಿಲ್ಲ, ಹಾಗಾಗಿ ಮಳೆ ತರಿಸುತ್ತವೆ ಅಂತ ಹೊಸ ಸುಳ್ಳು ಶುರು ಮಾಡಬೇಡಿ ದಯವಿಟ್ಟು.

ಪರಿಣಾಮವೇ ಇಲ್ಲ ಅಂತಲೂ ಅಲ್ಲ. ರಾತ್ರಿ ನೆಲದ ಹತ್ತಿರ ತಣ್ಣನೆ ಗಾಳಿ, ಅದರ ಮೇಲೆ ಸ್ವಲ್ಪ ಬೆಚ್ಚನೆ ಗಾಳಿ ನಿಂತಿರುತ್ತದೆ. ರೆಕ್ಕೆಗಳು ಎರಡನ್ನೂ ಕಲಸಿಬಿಡುತ್ತವೆ. ಅಮೆರಿಕದ ಟೆಕ್ಸಾಸ್‌ನಲ್ಲಿ 2003ರಿಂದ 2011ರವರೆಗಿನ ಉಪಗ್ರಹ ಮಾಹಿತಿ ನೋಡಿದಾಗ ಯಂತ್ರಗಳಿದ್ದ ಕಡೆ ರಾತ್ರಿಯ ನೆಲದ ಬಿಸಿ ಸುತ್ತಲಿನ ಜಾಗಕ್ಕಿಂತ ಹೆಚ್ಚುತ್ತಿರುವುದು ಕಂಡಿತು. ಇದು ಹೊಸದಾಗಿ ಹುಟ್ಟಿದ ಬಿಸಿ ಅಲ್ಲ, ಮೇಲಿದ್ದದ್ದು ಕೆಳಗೆ ಬಂದದ್ದು. ಇಬ್ಬನಿ ನಂಬಿದ ಬೆಳೆ ಇದ್ದರೆ ಇದರ ಬಗ್ಗೆ ಕೇಳಿ, ಅದು ನ್ಯಾಯವಾದ ಪ್ರಶ್ನೆ. ಮಳೆಯದ್ದಲ್ಲ.

ನನಗೆ ಯಾಕೆ ಇಷ್ಟು ಕಿರಿಕಿರಿ ಅಂದರೆ, ಈ ಮಳೆಯ ಮಾತಿನಿಂದ ಲಾಭ ಆಗುವುದು ಕಂಪನಿಗೆ. ಸಭೆಯಲ್ಲಿ ಹತ್ತು ಜನ ಎದ್ದು ಮೋಡದ ವಿಷಯ ಎತ್ತಿದರೆ ಕಂಪನಿಯವರು ಒಬ್ಬ ತಜ್ಞರನ್ನು ಕರೆಸಿ ಹತ್ತು ನಿಮಿಷದಲ್ಲಿ ಬಾಯಿ ಮುಚ್ಚಿಸುತ್ತಾರೆ. ಆಮೇಲೆ ಹನ್ನೊಂದನೆಯವರು ತಮ್ಮ ಹೊಲದ ಬದು ಒಡೆದದ್ದನ್ನು ಹೇಳಿದರೂ ‘ಇವರೆಲ್ಲ ಹೀಗೇ’ ಎಂಬ ಲೆಕ್ಕಕ್ಕೆ ಹೋಗುತ್ತದೆ.

ಬದುವಿನ ವಿಷಯವೇ ನಿಜವಾದ ವಿಷಯ. ‘ಯೋಜನೆಯ ಜಾಗದಲ್ಲಿ ಶೇ 1ರಷ್ಟು ನೆಲ ಮಾತ್ರ ಹೋಗುತ್ತದೆ’ ಅನ್ನುತ್ತಾರೆ. ಸುಳ್ಳಲ್ಲ. 2009ರಲ್ಲಿ ಅಮೆರಿಕದ ಯೋಜನೆಗಳನ್ನು ಅಳೆದಾಗ ಒಂದು ಮೆಗಾವಾಟ್‌ಗೆ ಕಾಯಂ ಹೋಗುವ ನೆಲ ಸರಾಸರಿ 0.3 ಹೆಕ್ಟೇರ್, ಯೋಜನೆ ಹರಡುವ ಒಟ್ಟು ಜಾಗ ಸುಮಾರು 34 ಹೆಕ್ಟೇರ್ ಅಂತ ಬಂತು. ಆದರೆ ಆ ಸಣ್ಣ ಪಾಲು ಒಂದು ಮೂಲೆಯಲ್ಲಿ ಕೂರುವುದಿಲ್ಲ. ರಸ್ತೆಯಾಗಿ ಹೊಲದ ಮಧ್ಯೆ ಸೀಳಿಕೊಂಡು ಹೋಗುತ್ತದೆ, ನೀರು ಹರಿಯುವ ದಾರಿ ಕಟ್ಟುತ್ತದೆ. ನೂರಾರು ಟನ್‌ನ ಕ್ರೇನ್ ಓಡಾಡಿದ ಮಣ್ಣು ಗಟ್ಟಿಯಾಗಿ, ವರ್ಷಗಟ್ಟಲೆ ಬೇರು ಇಳಿಯದ ಹಾಗೆ ಆಗಬಹುದು.

ಸದ್ದೂ ಇದೆ. ಕೆನಡಾ ಸರ್ಕಾರದ ಆರೋಗ್ಯ ಇಲಾಖೆ 2014ರಲ್ಲಿ 1,238 ಜನರ ಸಮೀಕ್ಷೆಯ ಫಲಿತಾಂಶ ಕೊಟ್ಟಿತು: ಕಾಯಿಲೆಗೂ ಸದ್ದಿಗೂ ನಂಟು ಸಿಗಲಿಲ್ಲ, ಆದರೆ ಸದ್ದು ಏರಿದಷ್ಟೂ ಕಿರಿಕಿರಿ ಏರಿದ್ದು ನಿಜ. ಅದರ ಜೊತೆ ಇನ್ನೊಂದು ಉರಿ ಸೇರುತ್ತದೆ. ಕಂಬ ಇರುವ ಹೊಲದವರಿಗೆ ಬಾಡಿಗೆ, ಪಕ್ಕದ ಹೊಲದವರಿಗೆ ನೆರಳು ಮತ್ತು ಸದ್ದು. ಅಣ್ಣತಮ್ಮಂದಿರು ಮಾತು ಬಿಡಲು ಇನ್ನೇನು ಬೇಕು? ಡೆನ್ಮಾರ್ಕ್‌ನವರು ಇದನ್ನು ಅರ್ಥ ಮಾಡಿಕೊಂಡು, 4.5 ಕಿಲೋಮೀಟರ್ ಒಳಗಿನ ನಿವಾಸಿಗಳಿಗೆ ಯೋಜನೆಯ ಕನಿಷ್ಠ ಶೇ 20ರಷ್ಟು ಪಾಲನ್ನು ಮಾರಾಟಕ್ಕೆ ಇಡಲೇಬೇಕು ಅಂತ 2009ರಿಂದ ಒಂದು ದಶಕ ಕಾಲ ಕಾನೂನು ಇಟ್ಟಿದ್ದರು. ಎಲ್ಲರ ಸಿಟ್ಟೂ ಇಳಿಯಲಿಲ್ಲ, ಆದರೆ ಕೇಳಬಹುದಾದ ಬೇಡಿಕೆ ಅಂದರೆ ಇಂಥದ್ದು.

ಇನ್ನು ಯಾರೂ ಕೇಳದ ಪ್ರಶ್ನೆಯೊಂದಿದೆ, ನಾನೇ ಕೇಳಿಕೊಂಡು ನಾನೇ ಉತ್ತರಿಸುತ್ತೇನೆ: ಇದನ್ನು ಕಿತ್ತು ತೆಗೆಯುವವರು ಯಾರು?

ಯಂತ್ರದ ಆಯಸ್ಸು 20ರಿಂದ 25 ವರ್ಷ. ಕೆಳಗೆ ನೂರಾರು ಘನ ಮೀಟರ್ ಕಾಂಕ್ರೀಟ್ ಇರುತ್ತದೆ. ಎಷ್ಟೋ ಕರಾರುಗಳಲ್ಲಿ ಮೇಲಿನ ಒಂದು ಮೀಟರ್ ಒಡೆದು, ಮಣ್ಣು ಮುಚ್ಚಿದರೆ ಸಾಕು ಅಂತ ಇರುತ್ತದೆ. ಉಳಿದದ್ದು ನಿಮ್ಮ ಮೊಮ್ಮಕ್ಕಳಿಗೆ. ರೆಕ್ಕೆಗಳು ಗಾಜಿನ ನಾರು ಮತ್ತು ಅಂಟಿನವು, ಕಬ್ಬಿಣದ ಹಾಗೆ ಗುಜರಿಗೆ ಹೋಗುವುದಿಲ್ಲ. ಅಷ್ಟರಲ್ಲಿ ಕಂಪನಿಯೇ ಎರಡು ಸಲ ಕೈ ಬದಲಾಗಿರಬಹುದು, ಯಾಕೆಂದರೆ ಒಂದೊಂದು ಯೋಜನೆಗೂ ಒಂದೊಂದು ಸಣ್ಣ ಕಂಪನಿ ಹುಟ್ಟಿಸಿ, ಆಮೇಲೆ ಅದನ್ನೇ ಮಾರುವುದು ಈ ಧಂದೆಯ ಮಾಮೂಲಿ ಪದ್ಧತಿ. ಆ ಸಣ್ಣ ಕಂಪನಿ ಮುಳುಗಿದರೆ ನೋಟಿಸು ಕೊಡಲೂ ಯಾರೂ ಇರುವುದಿಲ್ಲ.

ಹಾಗಾಗಿ ಮುಂದಿನ ಸಭೆಗೆ ಹೋಗುವಾಗ ಮೋಡ ಬಿಟ್ಟು ಅಗ್ರಿಮೆಂಟ್ ಪ್ರತಿ ಹಿಡಿದುಕೊಂಡು ಹೋಗಿ. ಕಿತ್ತು ತೆಗೆಯುವ ಖರ್ಚಿಗೆ ಬ್ಯಾಂಕ್ ಗ್ಯಾರಂಟಿ ಎಷ್ಟು, ಅದನ್ನು ಮೊದಲ ವರ್ಷವೇ ಇಡುತ್ತಾರೋ ಅಥವಾ ಹದಿನೈದನೇ ವರ್ಷಕ್ಕೋ, ಕಾಂಕ್ರೀಟ್ ಎಷ್ಟು ಆಳದವರೆಗೆ ತೆಗೆಯುತ್ತಾರೆ, ಕಂಪನಿ ಮಾರಿದರೆ ಈ ಹೊಣೆ ಯಾರ ಮೇಲೆ, ಇಷ್ಟು ಕೇಳಿ. ಬಾಯಲ್ಲಿ ಹೇಳಿದರೆ ಒಪ್ಪಬೇಡಿ, ಯಾವ ಪುಟದಲ್ಲಿದೆ ಅಂತ ತೋರಿಸಲು ಹೇಳಿ.