ಮಾರಿಸ್ ಮೈನರ್ ಎಂಜಿನ್‌ನ ಅಸಲಿ ಹಸಿರು ಯಾವುದು?

ಪ್ರಶ್ನೆ: ಮಾರಿಸ್ ಮೈನರ್ 1000 ಕಾರಿನ ಎಂಜಿನ್ ಹೊರತೆಗೆದಿದ್ದೇವೆ. ಮೇಲೆಲ್ಲ ಕಪ್ಪು ಬಣ್ಣ, ಸಂದಿಗಳಲ್ಲಿ ಹಸಿರು ಕಾಣುತ್ತದೆ. ಅಂಗಡಿಗೊಂದು ಹಸಿರು ತೋರಿಸುತ್ತಾರೆ. ಕಾರ್ಖಾನೆಯಿಂದ ಬಂದಾಗ ಯಾವ ಭಾಗಕ್ಕೆ ಯಾವ ಬಣ್ಣವಿತ್ತು?

ಉತ್ತರ: ಹಸಿರೇ ಸರಿ. ಆದರೆ ಡಬ್ಬಿಯ ಮೇಲಿನ ಹೆಸರು ನಂಬಿ ಕೊಳ್ಳಬೇಡಿ. ‘ಬಿಎಂಸಿ ಗ್ರೀನ್’ (ಬಿಎಂಸಿ ಎಂದರೆ ಈ ಕಾರು ತಯಾರಿಸಿದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಎಂದು ಮಾರುವವರ ಛಾಯೆಗಳು ಒಂದಕ್ಕೊಂದು ಹೊಂದುವುದಿಲ್ಲ. ಅದೇ ಕಂಪನಿ 1962ರ ಎಂಜಿಬಿ ಕಾರಿನ ಎಂಜಿನ್‌ಗೆ ಕಡುಗೆಂಪು ಹಚ್ಚಿತ್ತು. ಹಾಗಾಗಿ ಮೊದಲು ನಿಮ್ಮ ಎಂಜಿನ್ ಯಾವುದೆಂದು ಖಚಿತಪಡಿಸಿಕೊಳ್ಳಿ. ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಮೇಲ್ಭಾಗದಲ್ಲಿ, ಬ್ಲಾಕ್‌ಗೆ (ಎಂಜಿನ್‌ನ ಮುಖ್ಯ ಎರಕಕ್ಕೆ) ರಿವೆಟ್ ಹೊಡೆದ ತಗಡಿನ ಮೇಲೆ ಸಂಖ್ಯೆ ಇರುತ್ತದೆ. 9ಎಂ ಎಂದು ಶುರುವಾದರೆ 948 ಸಿಸಿ, 10ಎಂಎ ಆದರೆ 1962ರ ನಂತರದ 1098 ಸಿಸಿ. ಕೆರೆದಾಗ ಚಿನ್ನದ ಬಣ್ಣ ಸಿಕ್ಕರೆ ಗಾಬರಿ ಬೇಡ. ಕಂಪನಿಯೇ ರಿಪೇರಿ ಮಾಡಿ ಮಾರಿದ ‘ಗೋಲ್ಡ್ ಸೀಲ್’ ಎಂಜಿನ್‌ಗಳಿಗೆ ಆ ಬಣ್ಣವಿತ್ತು. ಅಂಥದ್ದಕ್ಕೆ ಹಸಿರು ಬಳಿದರೆ ಅದರ ಚರಿತ್ರೆಯೇ ಅಳಿಸಿಹೋಗುತ್ತದೆ.

ಹಳೆಯ ಬಣ್ಣ ಉಳಿದಿರುವುದು ಬಿಸಿಲು, ಎಣ್ಣೆ, ಬಿಸಿ ಮೂರೂ ತಾಗದ ಜಾಗದಲ್ಲಿ: ಡೈನಮೋ ಬ್ರಾಕೆಟ್‌ನ ಹಿಂದೆ, ಎಂಜಿನ್ ಮೌಂಟಿಂಗ್ ಕೂರುವಲ್ಲಿ, ರಾಕರ್ ಕವರ್ (ಎಂಜಿನ್‌ನ ಮೇಲ್ಮುಚ್ಚಳ) ನಟ್ಟಿನ ವಾಷರ್ ಅಡಿಯಲ್ಲಿ. ಅಲ್ಲಿ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಥಿನ್ನರ್ ಬೇಡ, ಸಾಕ್ಷಿಯೇ ಕರಗಿಹೋದೀತು. ಬಳಿಕ 600ರ ವಾಟರ್ ಪೇಪರ್‌ನಿಂದ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಇಳಿಜಾರಾಗಿ ಉಜ್ಜಿದರೆ ಪದರಗಳು ಉಂಗುರದಂತೆ ಕಾಣುತ್ತವೆ. ಲೋಹಕ್ಕೆ ತಾಗಿರುವ ಉಂಗುರ ಪ್ರೈಮರ್ ಆಗಿರಬಹುದು. ಅದರ ಮೇಲಿನ ಬಣ್ಣ ನಿಮ್ಮದು. ಕಾರಿನ ಬಣ್ಣ ಬೆರೆಸುವ ಅಂಗಡಿಯ ಯಂತ್ರಕ್ಕೆ ಸಮತಟ್ಟಾದ ತುಣುಕು ಬೇಕು. ತಗಡಿನ ರಾಕರ್ ಕವರ್ ಅನುಕೂಲ, ಆದರೆ ಅದು ಬಿಸಿಗೆ ಕಂದಿರುತ್ತದೆ, ವಾಷರ್ ಅಡಿಯ ಛಾಯೆಯೊಂದಿಗೆ ತಾಳೆ ನೋಡಿ. ಮಿಶ್ರಣವನ್ನು ತಗಡಿನ ಚೂರಿಗೆ ಹಚ್ಚಿ, ಒಣಗಿಸಿ, ಹಗಲು ಬೆಳಕಿನಲ್ಲೇ ಹೋಲಿಸಿ. ಟ್ಯೂಬ್‌ಲೈಟ್ ಕೆಳಗೆ ಹಸಿರು ಮೋಸ ಮಾಡುತ್ತದೆ.

ಛಾಯೆಗಿಂತ ಹೆಚ್ಚು ಜನ ಎಡವುವುದು ‘ಯಾವುದಕ್ಕೆ ಹಚ್ಚಬೇಕು’ ಎಂಬಲ್ಲಿ. ಇದಕ್ಕೆ ಕೀಲಿ, ಕಾರ್ಖಾನೆಯಲ್ಲಿ ಜೋಡಿಸಿದ ಕ್ರಮ. ಬ್ಲಾಕ್, ಹೆಡ್, ಸಂಪ್ (ಕೆಳಗಿನ ಎಣ್ಣೆ ತಟ್ಟೆ), ಟೈಮಿಂಗ್ ಕವರ್ (ಮುಂಬದಿಯ ಮುಚ್ಚಳ) ಎಲ್ಲ ಜೋಡಿಸಿದ ಮೇಲೆ ಬಣ್ಣ ಸಿಂಪಡಿಸಿದ್ದರಿಂದ ಅವುಗಳ ಬೋಲ್ಟುಗಳೂ ಗ್ಯಾಸ್ಕೆಟ್‌ನ ಅಂಚೂ ಹಸಿರೇ. ಇಂದು ಸಂಪ್‌ನ ಬೋಲ್ಟುಗಳು ಬೆಳ್ಳಿಯಂತೆ ಮಿಂಚುವ ಎಂಜಿನ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅಸಲಿಯಲ್ಲ. ಕಾರ್ಬುರೇಟರ್, ಡೈನಮೋ, ಸ್ಟಾರ್ಟರ್ ಆಮೇಲೆ ಕೂತವು. ಎಸ್‌ಯು ಕಾರ್ಬುರೇಟರ್‌ನ ಮೈ ಬರಿ ಅಲ್ಯೂಮಿನಿಯಂ, ಡೈನಮೋದ ಮೈ ಕಪ್ಪು. ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬರಿ ಬೀಡು (ಎರಕದ ಕಬ್ಬಿಣ). ಅದಕ್ಕೆ ಅಲ್ಯೂಮಿನಿಯಂ ಪೇಂಟ್ ಹೊಡೆಯುವ ವಾಡಿಕೆ ಸುಳ್ಳು ಹೊಳಪು ತರುತ್ತದೆ. ತುಕ್ಕು ತಡೆಯಲೇಬೇಕಿದ್ದರೆ 600 ಡಿಗ್ರಿ ತಾಳುವ ಬೂದು ಸಿಲಿಕೋನ್ ಪೇಂಟ್ ತೆಳ್ಳಗೆ ಹಚ್ಚಿ. ಅದನ್ನು ಡಬ್ಬಿಯ ಮೇಲೆ ಹೇಳಿದಂತೆ ಬಿಸಿಯಲ್ಲಿ ಪಕ್ವಗೊಳಿಸದಿದ್ದರೆ ಉಗುರಿಗೇ ಎದ್ದುಬರುತ್ತದೆ.

ಇನ್ನು ಹಚ್ಚುವ ಕೆಲಸ. ಬೀಡಿನ ರಂಧ್ರಗಳಲ್ಲಿ ಎಣ್ಣೆ ಅಡಗಿರುತ್ತದೆ. ಸೀಮೆಎಣ್ಣೆ, ಸೋಪಿನ ನೀರು, ಥಿನ್ನರ್ ಹೀಗೆ ತೊಳೆದ ಮೇಲೂ ಹೀಟ್ ಗನ್‌ನಿಂದ ಕೈಗೆ ಬಿಸಿ ತಾಗುವಷ್ಟು ಕಾಯಿಸಿ. ಬೆವರಿದಂತೆ ಎಣ್ಣೆ ಹೊರಬರುತ್ತದೆ, ಮತ್ತೆ ಒರೆಸಿ. ಈ ಹಂತ ಬಿಟ್ಟರೆ ಬಣ್ಣ ಸಿಪ್ಪೆಯಾಗಿ ಏಳುವುದು ಖಂಡಿತ. ಜೋಡಿಸಿದ ಎಂಜಿನ್‌ಗೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಲೇಬೇಡಿ, ಮರಳು ಎಣ್ಣೆಯ ದಾರಿ ಸೇರಿದರೆ ಬೇರಿಂಗ್ ಹಾಳು. ಕರಾವಳಿಯ ತೇವದಲ್ಲಿ ಉಜ್ಜಿದ ಬೀಡು ನೋಡನೋಡುತ್ತಲೇ ಕೆಂಪಾಗುತ್ತದೆ, ಪ್ರೈಮರ್ ಅದೇ ದಿನ ಬೀಳಬೇಕು.

ಒಂದು ತೆಳು ಪ್ರೈಮರ್, 10-15 ನಿಮಿಷದ ಅಂತರದಲ್ಲಿ ಎರಡು ಕೋಟ್ ಬಣ್ಣ ಸಾಕು. ಎರಕದ ಅಕ್ಷರಗಳ ಅಂಚು ಮಂಕಾದರೆ ದಪ್ಪವಾಯಿತೆಂದು ತಿಳಿಯಿರಿ. ಓಡಿಸುವ ಕಾರಿಗೆ ನಮ್ಮ ಆಯ್ಕೆ 2ಕೆ ಪಿಯು (ಗಟ್ಟಿಗೊಳಿಸುವ ದ್ರವ ಬೆರೆಸಿ ಹಚ್ಚುವ ಪಾಲಿಯುರೆಥೇನ್ ಬಣ್ಣ), ಪೆಟ್ರೋಲ್ ಸೋರಿದರೂ ತಡೆಯುತ್ತದೆ. ಆದರೆ ಅದರ ಗಾಜಿನಂಥ ಮಿನುಗು ಆ ಕಾಲದ್ದಲ್ಲ, ಮ್ಯಾಟಿಂಗ್ ಬೇಸ್ ಬೆರೆಸಿ ಹೊಳಪು ತಗ್ಗಿಸಿ. ಪ್ರದರ್ಶನದ ಕಾರಿಗೆ ಸಿಂಥೆಟಿಕ್ ಎನಾಮಲ್ ಹೆಚ್ಚು ಹತ್ತಿರ. ಅದು ಒಳಗಿಂದ ಗಟ್ಟಿಯಾಗಲು ಮೂರು-ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಕಾರ್ಬುರೇಟರ್‌ನ ಸುತ್ತ ಪೆಟ್ರೋಲಿನ ಒಂದು ಹನಿಯೂ ಬೀಳದಂತೆ ನೋಡಿಕೊಳ್ಳಿ.