ದಾರಿಯಲ್ಲೇ ಕಾಣೆಯಾಗುವ ಬ್ಯಾಕ್‌ಸ್ಲ್ಯಾಶ್

ಮಂಗಳೂರಿನ ಗ್ರಾಹಕರ ಪಟ್ಟಿಯೆಂದ ಮೇಲೆ ಅದರಲ್ಲೊಬ್ಬ ಡಿ'ಸೋಜಾ ಇರಲೇಬೇಕು. ಡೇಟಾಬೇಸ್‌ನಲ್ಲಿ 'ಡಿ'ಸೋಜಾ' ಎಂದು ಹುಡುಕಿದರೆ, ಅದು ನಡುವಿನ ಚಿಹ್ನೆಯನ್ನೇ ಹೆಸರಿನ ಕೊನೆಯೆಂದು ತಿಳಿದು, ಮಿಕ್ಕ 'ಸೋಜಾ' ಏನೆಂದು ಅರ್ಥವಾಗದೆ ದೋಷ ತೋರಿಸುತ್ತದೆ. ಆ ಚಿಹ್ನೆಯನ್ನು ಎರಡು ಸಲ ಬರೆದರೆ ಸರಿಹೋಗುತ್ತದೆ. ಹೀಗೆ ಕೂಗಿ ಹೇಳುವ ತಪ್ಪು ಉಪಕಾರಿಯೇ. ನನಗೆ ಭಯವಿರುವುದು ಬಾಯಿಬಿಡದ ತಪ್ಪಿನ ಬಗ್ಗೆ.

ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್‌ನಲ್ಲಿ 5.7 ಎಂಬ ಆವೃತ್ತಿ ಸಂಖ್ಯೆಯನ್ನು ಹುಡುಕುತ್ತಿದ್ದೀರಿ ಎನ್ನೋಣ. ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ, ಅಂದರೆ ಹುಡುಕಬೇಕಾದ ಪಠ್ಯದ ರೂಪವನ್ನು ಚಿಹ್ನೆಗಳಲ್ಲಿ ಹೇಳುವ ಬರಹದಲ್ಲಿ, ಚುಕ್ಕಿಗೆ 'ಯಾವುದಾದರೂ ಒಂದು ಅಕ್ಷರ' ಎಂಬ ಅರ್ಥವಿದೆ. ಅದನ್ನು ಬರೀ ಚುಕ್ಕಿಯಾಗಿ ಓದಿಸಲು ಬ್ಯಾಕ್‌ಸ್ಲ್ಯಾಶ್ ಎಂಬ ಓರೆಗೆರೆ ಸೇರಿಸಿ '5\.7' ಎಂದು ಬರೆಯುತ್ತೇವೆ. ದೋಷವೇನೂ ಬರುವುದಿಲ್ಲ, ಆದರೆ ಉತ್ತರಗಳ ಸಾಲಿನಲ್ಲಿ 567 ಕೂಡ ಬಂದು ಕುಳಿತಿರುತ್ತದೆ!

ನಾವು ಬರೆದದ್ದನ್ನು ಇಲ್ಲಿ ಒಬ್ಬರಲ್ಲ, ಇಬ್ಬರು ಓದುತ್ತಾರೆ. ಮೊದಲು ಓದುವುದು ಎಸ್‌ಕ್ಯುಎಲ್, ಅಂದರೆ ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ. ಅದಕ್ಕೂ ಬ್ಯಾಕ್‌ಸ್ಲ್ಯಾಶ್ ವಿಶೇಷ ಚಿಹ್ನೆಯೇ. ಚುಕ್ಕಿಯ ಹಿಂದೆ ಅದಕ್ಕೆ ಅರ್ಥವಿಲ್ಲವೆಂದು ಕಂಡು ಸದ್ದಿಲ್ಲದೆ ಕಿತ್ತುಹಾಕುತ್ತದೆ. ಎರಡನೆಯ ಓದುಗನಾದ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಜಿನ್ನಿಗೆ ತಲುಪುವುದು ಬೋಳು 5.7 ಮಾತ್ರ. ಆದ್ದರಿಂದ '5\\.7' ಎಂದು ಬರೆಯಬೇಕು: ಒಂದು ದಾರಿಯ ಸುಂಕಕ್ಕೆ, ಇನ್ನೊಂದು ಊರು ಸೇರಲು. ಬ್ಯಾಕ್‌ಸ್ಲ್ಯಾಶನ್ನೇ ಹುಡುಕುವುದಾದರೆ, ಪ್ರತಿ ಓದುಗನಿಗೂ ಒಂದರ ಬದಲು ಎರಡು ಕೊಡಬೇಕಾಗಿ, ಒಟ್ಟು ನಾಲ್ಕು ಬೇಕು. ಆ ಪ್ರಶ್ನೆಯನ್ನು ಜಾವಾ ಪ್ರೋಗ್ರಾಮಿನ ಉದ್ಧರಣ ಚಿಹ್ನೆಗಳೊಳಗೆ ಬರೆದರೆ ಓದುಗರು ಮೂವರಾಗಿ ಎಂಟು. ನೋಡುವವರಿಗೆ ಮುರಿದ ಬೇಲಿಯಂತೆ ಕಾಣುತ್ತದೆ.

ಇದನ್ನು ಬಾಯಿಪಾಠ ಮಾಡಿಕೊಂಡು ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ಗೆ ಹೋದರೆ ಮತ್ತೆ ಪೆಟ್ಟು. 2011ರ 9.1ನೇ ಆವೃತ್ತಿಯಿಂದ ಅಲ್ಲಿ ಸಾಧಾರಣ ಉದ್ಧರಣೆಯೊಳಗಿನ ಬ್ಯಾಕ್‌ಸ್ಲ್ಯಾಶ್‌ಗೆ ತಾನಾಗಿ ಯಾವ ವಿಶೇಷ ಅಧಿಕಾರವೂ ಇಲ್ಲ. '5\.7' ಎಂಬುದೇ ಅಲ್ಲಿ ಸರಿ. ಎರಡು ಹಾಕಿದರೆ ಅದು ನಿಜವಾದ ಬ್ಯಾಕ್‌ಸ್ಲ್ಯಾಶನ್ನು ಹುಡುಕಲು ಹೊರಡುತ್ತದೆ.

ತಪ್ಪು ಪತ್ತೆ ಮಾಡುವಾಗ ಹುಡುಕುವ ಮಾದರಿಯನ್ನೇ ದಿಟ್ಟಿಸುತ್ತ ಕೂರುವುದು ವ್ಯರ್ಥ. ಹುಡುಕಾಟವನ್ನು ಬದಿಗಿಟ್ಟು, 'ಇದನ್ನು ತೋರಿಸು' ಎನ್ನುವ ಆಜ್ಞೆಯಾದ ಸೆಲೆಕ್ಟ್ ಬಳಸಿ, ಸೆಲೆಕ್ಟ್ '5\.7' ಎಂದಷ್ಟೇ ಕೇಳಿ. ಮೊದಲ ಓದುಗ ಎರಡನೆಯವನ ಕೈಗೆ ಏನು ಕೊಟ್ಟ ಎಂಬುದು ತೆರೆಯ ಮೇಲೆ ಬರುತ್ತದೆ. ಬ್ಯಾಕ್‌ಸ್ಲ್ಯಾಶ್ ಅಲ್ಲಿಲ್ಲದಿದ್ದರೆ ಕಳವು ನಡೆದದ್ದು ಮೊದಲ ಹಂತದಲ್ಲೇ.

ಎಣಿಸುವ ಗೋಜೇ ಬೇಡವೆಂದಾಗ ನಾನು '5[.]7' ಎಂದು ಬರೆಯುತ್ತೇನೆ. ಆವರಣದೊಳಗೆ ಚುಕ್ಕಿ ಬರೀ ಚುಕ್ಕಿ, ಎರಡೂ ಡೇಟಾಬೇಸ್‌ಗಳಲ್ಲಿ. ಪ್ರೋಗ್ರಾಮಿನಿಂದ ಕಳಿಸುವಾಗಲಂತೂ ಪ್ರಶ್ನೆಯಲ್ಲಿ ಖಾಲಿ ಜಾಗ ಬಿಟ್ಟು, ಅಲ್ಲಿ ತುಂಬಬೇಕಾದ ಪದವನ್ನು ಪ್ಯಾರಾಮೀಟರ್ ಆಗಿ ಬೇರೆಯೇ ಕೊಡುವುದು ಮೇಲು. ಆಗ ಎಸ್‌ಕ್ಯುಎಲ್‌ನ ಓದು ಅದನ್ನು ಮುಟ್ಟುವುದಿಲ್ಲ, ಡಿ'ಸೋಜಾ ಕೂಡ ಇಡಿಯಾಗಿಯೇ ಒಳಗೆ ಬರುತ್ತಾರೆ.